ದಾನೇಶ್ವರಿಯ ಹಸಿರು ಗೆರೆ

ಮೈಗೆ ಜ್ವರ ಬಂದರೆ ಅಳೆಯಲು ಥರ್ಮಾಮೀಟರ್ ಇದೆ, ಮನಸ್ಸಿಗೆ ಬಂದರೆ ಏನಿದೆ? ಈ ಪ್ರಶ್ನೆಯನ್ನು ಡಾಕ್ಟರ್ ಸುಧೀಂದ್ರ ಗಲಗಲಿಯವರು ಎಷ್ಟು ಸಭೆಗಳಲ್ಲಿ ಕೇಳಿದ್ದರೋ ಲೆಕ್ಕವಿಲ್ಲ. ಕೇಳಿ ಕೇಳಿ ಕೊನೆಗೆ ಉತ್ತರವನ್ನೂ ತಾವೇ ಮಾಡಿ ತಂದರು. ಮಣಿಕಟ್ಟಿಗೆ ಸುತ್ತಿಕೊಳ್ಳುವ ಬೆರಳಗಲದ ಪಟ್ಟಿ. ಹೆಸರು ಮನಗಾವಲು. ಬೆವರಿನ ಉಪ್ಪು, ಎದೆಬಡಿತದ ಏರಿಳಿತ, ಚರ್ಮದ ಬಿಸಿ, ಸಂಕಟವಾದಾಗ ರಕ್ತಕ್ಕೆ ಇಳಿಯುವ ರಸ, ಇಷ್ಟನ್ನೂ ಕೂಡಿಸಿ ಕಳೆದು ಅದು ಒಂದು ಗೆರೆ ಎಳೆಯುತ್ತಿತ್ತು. ಗೆರೆ ಹಸಿರಿದ್ದರೆ ಮಗು ನೆಮ್ಮದಿಯಿಂದಿದೆ, ಹಳದಿಯಾದರೆ ಕಳವಳ, ಕೆಂಪಾದರೆ ಅಪಾಯ. ಹೈಸ್ಕೂಲು, ಪಿಯು ಕಾಲೇಜುಗಳ ಮಕ್ಕಳೆಲ್ಲ ಅದನ್ನು ಕಟ್ಟಿಕೊಳ್ಳಬೇಕೆಂದು ಆದೇಶವಾದಾಗ ತಂದೆತಾಯಿಗಳು ದೇವರಿಗೆ ಕಾಯಿ ಒಡೆಸಿದರು. ಹರೆಯದ ಮಕ್ಕಳ ಮನಸ್ಸು ಯಾರಿಗೆ ತಿಳಿದಿತ್ತು? ಈಗ ಗೋಡೆಯ ಮೇಲೆ ಬಣ್ಣದಲ್ಲಿ ಕಾಣುತ್ತದೆ ಅಂದರೆ ಯಾರಿಗೆ ಬೇಡ.

ಆ ಗೋಡೆ ಇದ್ದದ್ದು ಹುಬ್ಬಳ್ಳಿಯಲ್ಲಿ. ಮನಗಾವಲು ಕೇಂದ್ರದ ದೊಡ್ಡ ಹಾಲಿನಲ್ಲಿ ಸಾಲಾಗಿ ಮೇಜುಗಳು, ಎದುರಿಗೆ ಮೇಲಿಂದ ಕೆಳಗಿನವರೆಗೆ ಪರದೆ. ಅದರ ಮೇಲೆ ಹಳದಿ ಮತ್ತು ಕೆಂಪು ಗೆರೆಗಳು ಮಾತ್ರ ಓಡುತ್ತಿದ್ದವು. ಹಸಿರಿನವನ್ನು ತೋರಿಸುವ ಪದ್ಧತಿ ಇರಲಿಲ್ಲ. ಆರಾಮ ಇದ್ದವರನ್ನು ನೋಡಿ ಏನು ಮಾಡುವುದು ಎಂದು ಗಲಗಲಿಯವರ ವಾದ. ಕೇಳಿದರೆ ಹೌದೆನಿಸುವಂಥ ವಾದವೇ.

ಮಹಾನಂದಾ ಹೆಬಸೂರ ಅಲ್ಲಿ ಕಾವಲು ಸಹಾಯಕಿ. ಕೆಲಸದಲ್ಲಿ ಗಟ್ಟಿಗಿತ್ತಿ. ಮಕ್ಕಳ ಮಾತು, ಬರಹ ಏನೂ ಅವಳಿಗೆ ಕಾಣುತ್ತಿರಲಿಲ್ಲ. ಗೆರೆ ಏರಿದಾಗ ಆ ಮಗು ಫೋನಿನಲ್ಲಿ ಯಾರ ಜೊತೆ ಇತ್ತು ಎಂಬುದಷ್ಟೇ ಕಾಣುತ್ತಿತ್ತು. ಒಬ್ಬನೇ ಗೆಳೆಯನ ಜೊತೆಗಿದ್ದಾಗ ಗೆರೆ ಮತ್ತೆ ಮತ್ತೆ ಕೆಂಪಾದರೆ, ತಂದೆ ಅಥವಾ ತಾಯಿ ಒಪ್ಪಿಗೆ ಕೊಟ್ಟರೆ, ಆ ಸ್ನೇಹವನ್ನು ಕಡಿಯಬಹುದಿತ್ತು. ಕೇಂದ್ರದವರ ಭಾಷೆಯಲ್ಲಿ ಅದಕ್ಕೆ ಕತ್ತರಿ ಹಾಕುವುದು ಎನ್ನುತ್ತಿದ್ದರು. ಕತ್ತರಿ ಬಿದ್ದದ್ದು ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಇವರು ಬರೆದದ್ದು ಅವರಿಗೆ ಮುಟ್ಟದು, ಅವರದು ಇವರಿಗೆ ಬಾರದು. ಮೊದಮೊದಲು ತಿಳಿಸಿ ನೋಡಿದ್ದರಂತೆ, ಮಕ್ಕಳು ಕೂಗಾಡಿ ಗೆರೆ ಇನ್ನಷ್ಟು ಕೆಂಪಾಯಿತಂತೆ. ಅದಕ್ಕೇ ತಿಳಿಸುವುದನ್ನು ಬಿಟ್ಟರು. ಎಂಥೆಂಥ ಕಿಡಿಗೇಡಿಗಳನ್ನು ಮಹಾನಂದಾ ಹೀಗೆ ಮಕ್ಕಳಿಂದ ದೂರ ಮಾಡಿದ್ದಳು. ಆ ಹೆಮ್ಮೆ ಅವಳಿಗಿತ್ತು, ಇರಬೇಕಾದ್ದೇ.

ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಹಾಗೆ ಅವಳ ಮನೆಯಲ್ಲೇ ಮಗಳು ದಾನೇಶ್ವರಿ ಮಾತು ಬಿಟ್ಟಿದ್ದಳು.

ದಾನೇಶ್ವರಿ ಖೋಖೋ ಆಟಗಾರ್ತಿ. ಕಂಬ ಹಿಡಿದು ಗರ್ರನೆ ತಿರುಗಿ ಹಾರಿದಳೆಂದರೆ ಎದುರಾಳಿಗೆ ಜಾಗ ಸಿಗುತ್ತಿರಲಿಲ್ಲ. ರಾಜ್ಯ ತಂಡಕ್ಕೆ ಆಯ್ಕೆಯಾಗಿ, ಅಂಗಿಯ ಬೆನ್ನ ಮೇಲೆ ಹೆಸರು ಅಚ್ಚಾಗಿ ಬಂದ ವಾರದಲ್ಲೇ ಹಾಗೊಮ್ಮೆ ತಿರುಗುವಾಗ ಮೊಣಕಾಲಿನೊಳಗೆ ಏನೋ ಹರಿಯಿತು. ಶಸ್ತ್ರಕ್ರಿಯೆ ಆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಂಡದ ಹುಡುಗಿಯರು ಮೊದಲು ಗುಂಪಾಗಿ ನೋಡಲು ಬಂದರು, ಆಮೇಲೆ ಒಬ್ಬೊಬ್ಬರಾಗಿ, ಆಮೇಲೆ ಪರೀಕ್ಷೆ ಬಂತು ಎಂದರು. ದಾನೇಶ್ವರಿ ಮಹಡಿಯ ಕೋಣೆ ಸೇರಿದಳು. ಕೆಳಗೆ ಅಪ್ಪ ಈರಣ್ಣನ ಹಿಟ್ಟಿನ ಗಿರಣಿ. ಗಿರಣಿ ಶುರುವಾದರೆ ಮಹಡಿಯ ನೆಲವೇ ನಡುಗುತ್ತಿತ್ತು, ಮೇಲೆ ಯಾರು ಅತ್ತರೂ ಕೆಳಗೆ ಕೇಳಿಸುವ ಮಾತಿಲ್ಲ.

"ಊಟಕ್ಕ ಬಾರವಾ," ಎಂದರೆ "ಹಸಿವಿಲ್ಲ" ಎನ್ನುತ್ತಿದ್ದಳು. "ಏನಾಗೇತಿ ಹೇಳರ ಹೇಳು," ಎಂದರೆ "ಏನೂ ಆಗಿಲ್ಲ." ಮಹಾನಂದಾ ಊರ ಮಕ್ಕಳನ್ನೆಲ್ಲ ಕಾಯುವವಳು. ಮನೆಯಲ್ಲಿ ಮಾತ್ರ ಬಾಗಿಲ ಬಳಿ ತಟ್ಟೆ ಹಿಡಿದು ನಿಲ್ಲುತ್ತಿದ್ದಳು.

ಒಂದು ಮಾತ್ರ ಅವಳು ಗಮನಿಸಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ದಾನೇಶ್ವರಿಯ ಕೋಣೆಯಿಂದ ಮಾತು ಕೇಳುತ್ತಿತ್ತು. ಮೊದಲು ಪಿಸುಪಿಸು, ನಂತರ ಬಿಕ್ಕಳಿಕೆ, ಕೊನೆಗೆ ಕಾಲು ಎತ್ತಿ ಇಳಿಸುವ ಎಣಿಕೆ. ಒಮ್ಮೆ ಕದದ ಸಂದಿಯಿಂದ ನೋಡಿದಾಗ ಮಗಳು ಕಾಲಿಗೆ ಉಸುಕಿನ ಚೀಲ ಕಟ್ಟಿಕೊಂಡು, ಫೋನು ಎದುರಿಗಿಟ್ಟು, ಮುಖ ಒರೆಸುತ್ತ ಎಣಿಸುತ್ತಿದ್ದಳು.

"ಯಾರದು?" ಎಂದು ಮಹಾನಂದಾ ಒಳಗೆ ನುಗ್ಗಿ ಕೇಳಿದಳು.

"ನನ್ನ ಗೆಳತಿ."

"ಎಲ್ಲಿ ಗೆಳತಿ? ಕಾಲೇಜಿನಾಕಿಯೇನು?"

"ಅಲ್ಲ. ಮೊಣಕಾಲ ಮುರದವರದೊಂದು ಗುಂಪೈತಿ, ಅದರಾಗ ಸಿಕ್ಕಾಳ. ಅಕಿಗೂ ಇದs ಆಪರೇಶನ್ ಆಗಿತ್ತು."

"ಮುಖಾ ನೋಡೀಯೇನ ಅಕೀದು?"

ದಾನೇಶ್ವರಿ ಫೋನನ್ನು ಕವುಚಿ ಇಟ್ಟಳು. ಮಾತು ಅಲ್ಲಿಗೇ ಮುಗಿಯಿತು.

ಮರುದಿನ ಕೇಂದ್ರದಲ್ಲಿ ಮಹಾನಂದಾಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ವಂತ ಮಕ್ಕಳ ಗೆರೆ ನೋಡಬಾರದೆಂದು ನಿಯಮ, ಹಾಗಾಗಿ ದಾನೇಶ್ವರಿಯ ಗೆರೆ ಪಕ್ಕದ ಮೇಜಿನ ಮೆಹರುನ್ನಿಸಾಳ ಪಾಲಿಗೆ ಬಂದಿತ್ತು. ವರ್ಷಗಟ್ಟಲೆ ಒಂದೇ ಡಬ್ಬಿಯಲ್ಲಿ ಉಂಡವರು ಇವರಿಬ್ಬರು.

"ಒಂದs ಸಲ ತೋರ್ಸ, ಮೆಹರು."

"ಅಕ್ಕಾ, ನೀವು ನೋಡಬಾರದು," ಎಂದಳು ಮೆಹರುನ್ನಿಸಾ. ಹಾಗೆನ್ನುತ್ತಲೇ ಕುರ್ಚಿ ಸರಿಸಿ ಜಾಗ ಮಾಡಿದಳು.

ಗೆರೆ ಹಗಲೆಲ್ಲ ಹಳದಿ. ಸಂಜೆಯಾದರೆ ಸರ್ರನೆ ಏರಿ ಕೆಂಪು. ಕೆಂಪಾದಾಗಲೆಲ್ಲ ಪಕ್ಕದಲ್ಲಿ ಒಂದೇ ಹೆಸರು, ಮೀನುಮೂಳೆ. ಇಂಥ ಹೆಸರಿಟ್ಟುಕೊಂಡವರು ನೆಟ್ಟಗಿನವರಾಗಿರಲು ಸಾಧ್ಯವೇ? ಮಹಾನಂದಾಳ ಕಣ್ಣಿಗೆ ಮೀಸೆ ಹೊತ್ತ ಯಾವನೋ ಹುಡುಗಿಯ ದನಿ ಮಾಡುತ್ತ ಕೂತದ್ದೇ ಕಂಡಿತು. ಕೆಂಪಿನ ಆಚೆಗೆ ಗೆರೆ ಹೇಗೆ ಇಳಿಯಿತು, ಆ ರಾತ್ರಿಗಳಲ್ಲಿ ಮಗಳು ಹೇಗೆ ಮಲಗಿದಳು ಎಂದು ಅವಳು ನೋಡಲಿಲ್ಲ. ಅಲ್ಲಿ ಯಾರೂ ನೋಡುತ್ತಿರಲಿಲ್ಲ, ಏರಿದ್ದು ಮಾತ್ರ ಅವರ ಕೆಲಸ. ತಾಯಿಯ ಒಪ್ಪಿಗೆಯ ಜಾಗದಲ್ಲಿ ಬೆರಳೊತ್ತಿದಳು. ಮೆಹರುನ್ನಿಸಾ ಕತ್ತರಿ ಹಾಕಿದಳು.

ಎರಡು ಸಂಜೆ ಮಹಡಿಯಲ್ಲಿ ಬರೀ ಫೋನು ಒತ್ತುವ ಸದ್ದು. ಗೆರೆ ಕೆಂಪಾಯಿತು, ಹಳದಿಯಾಯಿತು, ಮತ್ತೆ ಕೆಂಪಾಯಿತು. "ಚಟ ಬಿಡೂವಾಗ ಹಂಗs ಆಗ್ತದ, ಗಾಬರಿ ಆಗಬ್ಯಾಡ್ರಿ," ಎಂದರು ಗಲಗಲಿಯವರು. ಅವರ ಮಾತೇ ನಿಜವಾಯಿತು. ಆ ವಾರದ ಕೊನೆಗೆ ಒಂದು ಬೆಳಗ್ಗೆ ದಾನೇಶ್ವರಿ ತಾನೇ ಕೆಳಗಿಳಿದು ಬಂದು ರೊಟ್ಟಿ ಮುರಿದಳು, ಅವ್ವನ ತಲೆ ಬಾಚಿಕೊಟ್ಟಳು. ಗೆರೆ ಹಸಿರಾಯಿತು. ಹಸಿರಾದ ಕೂಡಲೇ ಗೋಡೆಯಿಂದ ಮಾಯವಾಯಿತು.

ಮನೆಯಲ್ಲಿ ಹಬ್ಬದ ಕಳೆ. ಈರಣ್ಣ ಗಿರಣಿಗೆ ಬಂದವರಿಗೆಲ್ಲ "ನಮ್ಮ ಹುಡುಗಿ ಆರಾಮಾದ್ಲು" ಎಂದು ಹೇಳಿ ಹೇಳಿ ಹಿಟ್ಟು ದಪ್ಪ ಬೀಸಿ ಬೈಸಿಕೊಂಡ. ದಾನೇಶ್ವರಿ ಕೋಣೆ ಗುಡಿಸಿದಳು, ಬಟ್ಟೆ ಮಡಚಿ ಇಟ್ಟಳು. ಓಣಿಯ ಹುಡುಗಿಯೊಬ್ಬಳನ್ನು ಕರೆದು ತನ್ನ ಆಟದ ಬೂಟು, ರಾಜ್ಯ ತಂಡದ ಅಂಗಿ ಕೊಟ್ಟುಬಿಟ್ಟಳು.

"ಅದನ್ಯಾಕ ಕೊಟ್ಟಿ? ನೀ ಮತ್ತ ಆಡಾಕಿ ಅಲ್ಲೇನು?" ಎಂದಳು ಮಹಾನಂದಾ.

"ಆಡಾಕಿ ಕಡೆ ಇದ್ರ ಉಪಯೋಗಕ್ಕ ಬರ್ತಾವ ಬಿಡವ್ವಾ," ಎಂದು ನಕ್ಕಳು ಮಗಳು.

ಎಷ್ಟು ದಿನಕ್ಕೆ ಕಂಡ ನಗು. ಮಹಾನಂದಾ ಅದನ್ನು ಕಣ್ಣಿಗೊತ್ತಿಕೊಳ್ಳುವಷ್ಟು ಸಂತೋಷದಿಂದ ಕೆಲಸಕ್ಕೆ ಹೋದಳು.

ಅವತ್ತು ಮೆಹರುನ್ನಿಸಾ ಚಹಾಕ್ಕೆ ಎದ್ದಳು. ಒಬ್ಬರು ಎದ್ದರೆ ಇನ್ನೊಬ್ಬರು ಎರಡೂ ಮೇಜು ನೋಡಿಕೊಳ್ಳುವುದು ರೂಢಿ. ಅವಳು ಹೋದ ಸ್ವಲ್ಪ ಹೊತ್ತಿಗೆ ಆ ಮೇಜಿನ ದೀಪ ಮಿನುಗಿತು. ಸಂಕಟವಾದ ಮಗು ಪಟ್ಟಿಯನ್ನು ಒತ್ತಿ ಹಿಡಿದರೆ ಕೇಂದ್ರಕ್ಕೆ ಕರೆ ಬರುತ್ತಿತ್ತು. ಹೆಚ್ಚಿನವಕ್ಕೆ ಯಂತ್ರದ ದನಿಯೇ ಸಮಾಧಾನ ಹೇಳುತ್ತಿತ್ತು. ಒತ್ತಿದ ಮಗುವಿನ ಗೆರೆ ಕೆಂಪಿದ್ದರೆ ಮಾತ್ರ ಮನುಷ್ಯರೇ ಎತ್ತಬೇಕು. ಮಹಾನಂದಾ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದಳು.

"ಹೇಳವಾ, ಯಾಕ ಒತ್ತಿದಿ?"

"ಅಬ್ಬ, ಮನುಷ್ಯರು ಸಿಕ್ಕಿದ್ರಲ್ಲ," ಎಂದಿತು ಒಂದು ಹುಡುಗಿಯ ದನಿ. ಕರಾವಳಿಯ ಮಾತು. "ನಾನು ಪ್ರಣಮ್ಯಾ ಕರ್ಕೇರ ಅಂತ, ಹೆಜಮಾಡಿಯಿಂದ. ನನಗೋಸ್ಕರ ಒತ್ತಿದ್ದಲ್ಲ ಮೇಡಂ. ನಂಗೆ ಒಬ್ಬಳು ಫ್ರೆಂಡ್ ಉಂಟು, ಹುಬ್ಬಳ್ಳಿಯವಳು. ಅವಳಿಂದ ಸುದ್ದಿಯೇ ಇಲ್ಲ. ಅವಳು ಹೇಗಿದ್ದಾಳೆ ಅಂತ ಒಮ್ಮೆ ನೋಡಿ ಹೇಳ್ತೀರಾ?"

ಮಹಾನಂದಾ ಮೇಜಿನ ಮೇಲಿನ ಪರದೆ ನೋಡಿದಳು. ಕರೆ ಮಾಡಿದವಳ ಫೋನಿನ ಹೆಸರು ಅಲ್ಲಿತ್ತು. ಮೀನುಮೂಳೆ.

"ಯಾಕ ನೋಡಬೇಕು?" ಎಂದಳು, ದನಿ ಗಟ್ಟಿ ಮಾಡಿಕೊಂಡು.

"ಅವಳು ಸಂಜೆ ಸಂಜೆ ನನ್ನ ಹತ್ರ ಅಳುದು ಮೇಡಂ. ಬದುಕುದೇ ಬೇಡ ಅನ್ನಿಸ್ತದೆ ಅಂತ ಹೇಳ್ತಿದ್ದಳು. ಅತ್ತು ಮುಗಿದ ಮೇಲೆ ನಾವಿಬ್ಬರೂ ಕಾಲಿನ ವ್ಯಾಯಾಮ ಮಾಡುದು. ಮತ್ತೆ ಅವಳಿಗೆ ನಿದ್ದೆ ಬರ್ತಿತ್ತು. ಏನನ್ನಿಸಿದ್ರೂ ನಂಗೆ ಹೇಳದೆ ಇರಬಾರ್ದು ಅಂತ ಮಾತು ತಗೊಂಡಿದ್ದೆ. ಡಾಕ್ಟರ ಹತ್ರ ಹೋಗು, ಅಮ್ಮನ ಹತ್ರ ಹೇಳು ಅಂತ ದಿನಾ ಹೇಳ್ತಿದ್ದೆ. ಅದಕ್ಕೆ ಅವಳು, ನಮ್ಮವ್ವ ಆ ಮನಗಾವಲಿನಲ್ಲೇ ಕೆಲಸ ಮಾಡುದು, ಹೇಳಿದ್ರೆ ನನ್ನನ್ನ ಕೆಂಪು ಗೆರೆ ಅಂತ ನೋಡ್ತಾಳೆ, ಮಗಳು ಅಂತ ನೋಡುದಿಲ್ಲ ಅಂದಳು."

ಮಹಾನಂದಾ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಕೇಳ್ತಾ ಉಂಟಾ ಮೇಡಂ? ಅವಳು ಅಳ್ತಾ ಇದ್ರೆ ನಂಗೆ ಹೆದರಿಕೆ ಇಲ್ಲ. ಸುಮ್ಮನಾದ್ರೆ ಹೆದರಿಕೆ. ನಂಗೂ ಹೋದ ವರ್ಷ ಹಾಗೇ ಆಗಿತ್ತು. ನಿರ್ಧಾರ ಮಾಡಿ ಆದ ಮೇಲೆ ಒಳಗೆ ಎಲ್ಲ ತಣ್ಣಗಾಗ್ತದೆ. ನಾನು ನನ್ನ ವಾಲಿಬಾಲ್ ಸಾಮಾನೆಲ್ಲ ತಮ್ಮನಿಗೆ ಕೊಟ್ಟುಬಿಟ್ಟಿದ್ದೆ. ಅದು ನೋಡಿಯೇ ಅಮ್ಮ ನನ್ನನ್ನ ಹಿಡ್ಕೊಂಡು ಡಾಕ್ಟರ ಹತ್ರ ಓಡಿದ್ದು."

ಬೂಟು. ಅಂಗಿ. ಮಡಚಿಟ್ಟ ಬಟ್ಟೆ. ತಲೆ ಬಾಚಿದ ಕೈ.

ಮಹಾನಂದಾ ನಿಯಮ ಗಿಯಮ ಮರೆತು ಮಗಳ ಗೆರೆ ತೆರೆದಳು. ಹಸಿರು, ಅಪ್ಪಟ ಹಸಿರು. ಒಂದು ಏರಿಲ್ಲ, ಒಂದು ಇಳಿತವಿಲ್ಲ. ನಿದ್ದೆ ಮಾಡುವ ಮಕ್ಕಳ ಗೆರೆಯೂ ಕನಸಿಗೊಮ್ಮೆ ಅಲುಗುತ್ತದೆ, ಇದು ಅಲುಗುತ್ತಿರಲಿಲ್ಲ.

"ಪ್ರಣಮ್ಯಾ, ಫೋನ್ ಇಡಬ್ಯಾಡ. ನಾ ಅಕಿ ಅವ್ವ."



ಇನ್ನೊಂದು ಕೈಯಲ್ಲಿ ಮೇಜಿನ ಫೋನಿನಿಂದಲೇ ಗಂಡನಿಗೆ ಹಚ್ಚಿದಳು. ಗಿರಣಿಯ ಗದ್ದಲದಲ್ಲಿ ಈರಣ್ಣ "ಹಲೋ, ಹಲೋ, ಯಾರು?" ಎಂದು ಕೂಗುತ್ತಿದ್ದ.

"ಗಿರಣಿ ಬಂದ್ ಮಾಡ್ರಿ."

"ಏನು? ಜ್ವಾಳ ಅರ್ಧಾ ಆಗೇತಿ."

"ಬಂದ್ ಮಾಡ್ರಿ ಅಂದ್ನಿ. ದಾನಿ ಎಲ್ಲಿದಾಳ?"

ಗಿರಣಿಯ ಪಟ್ಟೆಯ ಸದ್ದು ಎಳೆದೆಳೆದು ನಿಂತಿತು. "ಮ್ಯಾಲ ಅದಾಳ. ಸ್ವಲ್ಪ ಅಡ್ಡಾಗ್ತೀನಪಾ ಅಂದ್ಲು. ಯಾಕ?"

"ಮ್ಯಾಲ ಹೋಗ್ರಿ. ಫೋನ್ ಕಿವಿಯಿಂದ ತಗೀಬ್ಯಾಡ್ರಿ. ಓಡ್ರಿ."

ಮೆಟ್ಟಿಲ ಮೇಲೆ ಹೆಜ್ಜೆ. ನಂತರ ಕದ ಬಡಿಯುವ ಸದ್ದು. "ಬಾಗಲಾ ಹಾಕ್ಕೊಂಡಾಳಲ್ಲ," ಎಂದ ಈರಣ್ಣ. "ದಾನಿ, ಬಾಗಲಾ ತಗೀಯವಾ."

ಒಳಗಿನಿಂದ ಮಗಳ ದನಿ ಫೋನಿಗೂ ತೆಳ್ಳಗೆ ಕೇಳಿಸಿತು. "ಏನಿಲ್ಲಪಾ. ನೀ ಕೆಳಗ ಹೋಗು, ಗಿರಾಕಿ ಕಾಯ್ತಿರ್ತಾರ."

"ಆರಾಮs ಅದಾಳ ನೋಡು. ಸುಮ್ಮನ ಗಾಬರಿ ಮಾಡ್ತಿ ನೀ," ಎಂದ ಈರಣ್ಣ. ಅವನ ದನಿಯಲ್ಲಿ ಬದುಕಿಕೊಂಡೆ ಎನ್ನುವ ಭಾವ.

ಮಹಾನಂದಾ ಪರದೆ ನೋಡುತ್ತಿದ್ದಳು. ಅಪ್ಪ ಏದುಸಿರು ಬಿಡುತ್ತ ಕದ ಬಡಿದಿದ್ದಾನೆ, ಮಗಳ ಗೆರೆಗೆ ಅದು ಮುಟ್ಟಿಯೇ ಇಲ್ಲ. ಅವಳಿಗೆ ಆಗ ನಿಜವಾಗಿ ಭಯವಾಯಿತು. "ಹೋಗಬ್ಯಾಡ್ರಿ. ನಿಮ್ಮ ಕೈ ಮುಗೀತೀನಿ, ಅಲ್ಲೇ ನಿಂದರ್ರಿ. ಫೋನಿನ ದನಿ ದೊಡ್ಡದು ಮಾಡಿ ಕದಕ್ಕ ಹಿಡೀರಿ."

ಮೇಜಿನ ಮೇಲೆ ಎರಡು ಕರೆಗಳನ್ನು ಕೂಡಿಸುವ ಗುಂಡಿ ಇತ್ತು. ಮಗುವನ್ನೂ ಡಾಕ್ಟರನ್ನೂ ಮಾತಾಡಿಸಲೆಂದು ಇಟ್ಟದ್ದು. ಮಹಾನಂದಾ ಅದನ್ನು ಒತ್ತಿದಳು. "ಮಾತಾಡವಾ ಪ್ರಣಮ್ಯಾ. ಅಕಿ ಕದದ ಆಕಡೆ ಅದಾಳ."

"ಏ ಕಂಬ," ಎಂದಳು ಪ್ರಣಮ್ಯಾ. ಕಂಬ ಎಂಬುದು ಗುಂಪಿನಲ್ಲಿ ದಾನೇಶ್ವರಿ ಇಟ್ಟುಕೊಂಡ ಹೆಸರು. "ನಾನು ಮಾರಾಯ್ತಿ, ಮೀನುಮೂಳೆ. ನಾನು ಎಲ್ಲಿಗೂ ಹೋಗಿಲ್ಲ. ದಿನಾ ಬರೆದಿದ್ದೇನೆ. ಒಂದೂ ಬರ್ಲಿಲ್ವಾ ನಿಂಗೆ?"

ಗೆರೆ ಕೂದಲೆಳೆಯಷ್ಟು ಅಲುಗಿತು. ಮತ್ತೆ ಸಪಾಟಾಯಿತು.

"ಸುಳ್ಳು," ಎಂದಿತು ಕದದ ಹಿಂದಿನ ದನಿ, ಬಹಳ ನಿಧಾನಕ್ಕೆ. "ನಿನಗ ಯಾರೋ ಹೇಳಿ ಕೊಟ್ಟಾರ. ನೀನೂ ಬ್ಯಾಸತ್ತ ಬಿಟ್ಟಿ. ಇರ್ಲಿ, ನನಗೇನ ಸಿಟ್ಟಿಲ್ಲ."

"ನಾನು ಬಿಟ್ಟದ್ದಲ್ಲ," ಎನ್ನುವಷ್ಟರಲ್ಲಿ ಪ್ರಣಮ್ಯಾಳ ದನಿ ಒಡೆಯಿತು. ತಾನೇಕೆ ಬಿಟ್ಟಂತಾಯಿತು ಎಂಬುದು ಪಾಪ ಆ ಹುಡುಗಿಗೂ ಗೊತ್ತಿರಲಿಲ್ಲ.

ಗೊತ್ತಿದ್ದವಳು ಒಬ್ಬಳೇ. ಈ ಮಾತು ಆಡಿದರೆ ಮಗಳು ಇನ್ನೆಂದೂ ತನ್ನ ಮುಖ ನೋಡಲಿಕ್ಕಿಲ್ಲ ಎಂದು ಮಹಾನಂದಾಗೆ ಅನಿಸಿತು. ಹಾಗೆ ಅನಿಸಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ನೋಡದಿದ್ದರೂ ಚಿಂತೆಯಿಲ್ಲ, ಎಲ್ಲಾದರೂ ಇರಲಿ ಎಂದುಕೊಂಡು ಬಾಯಿ ತೆರೆದಳು.

"ದಾನಿ, ನಾ ಅವ್ವ. ಅಕೀದೇನೂ ತಪ್ಪಿಲ್ಲ. ನಾನs ಕಡಿಸಿದ್ನಿ. ಅಕಿ ಜೋಡಿ ಮಾತಾಡೂವಾಗ ನಿನ್ನ ಗೆರೆ ಕೆಂಪಾಗ್ತಿತ್ತು. ಅಕೀನs ನಿನಗ ಕೆಡಕ ಮಾಡಾಕತ್ತಾಳಂತ ತಿಳದು ಬೆರಳೊತ್ತಿ ಕಡಿಸಿದ್ನಿ. ನೀ ಬರದದ್ದೂ ಅಕಿಗೆ ಮುಟ್ಟಿಲ್ಲ, ಅಕಿ ಬರದದ್ದೂ ನಿನಗ ಮುಟ್ಟಿಲ್ಲ. ನಿನಗ ಹೇಳಲೂ ಇಲ್ಲ."



ಗೆರೆ ನಡುಗಿತು. ಏರಿತು. ಹಳದಿಯನ್ನು ದಾಟಿ, ಒಮ್ಮೆಲೇ ಕೆಂಪಿಗೆ ನೆಗೆದು ಗೋಡೆಯ ಮೇಲೆ ಮೂಡಿತು. ಹಾಲಿನಲ್ಲಿ ಗಂಟೆ ಬಾರಿಸತೊಡಗಿತು. ಫೋನಿನಲ್ಲಿ ಮಗಳ ಕಿರುಚಾಟ. "ನೀ ಯಾರ ಕಡಿಸಾಕ? ನನಗಿದ್ದಾಕಿ ಅಕಿ ಒಬ್ಬಾಕಿ. ನೀ ಯಾರವ್ವಾ?"

ಗಲಗಲಿಯವರು ತಮ್ಮ ಗಾಜಿನ ಕೋಣೆಯಿಂದ ದಡದಡ ಇಳಿದು ಬಂದರು. "ಯಾರ ಜೋಡಿ ಮಾತಾಡ್ಲಿಕ್ಕತ್ತಾಳ ಆ ಹುಡುಗಿ? ಮೊದಲು ಲೈನ್ ಕಡೀರಿ. ಅಷ್ಟು ಕೆಂಪಾಗ್ಯದ, ಕಾಣಸೂದಿಲ್ಲೇನು?"

ಮಹಾನಂದಾ ಗುಂಡಿಯ ಮೇಲೆ ಎರಡೂ ಕೈ ಮುಚ್ಚಿದಳು. "ಮುಟ್ಟಬ್ಯಾಡ್ರಿ ಸರ್."

"ಮಹಾನಂದಾ ಅವರs, ನಿಮ್ಮ ನೌಕರಿ ಹೋಗ್ತದ."

"ಹೋಗ್ಲಿ. ಇಷ್ಟು ದಿನಾ ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರೀ ಹಾಕೇವ್ರಿ ನಾವು. ಅಕಿ ಅಳಾಕತ್ತಾಳ. ಅಳ್ಲಿ ಬಿಡ್ರಿ."

ಗಲಗಲಿಯವರು ಕೈ ಚಾಚಿದರು. ಚಹಾ ಮುಗಿಸಿ ಬಂದ ಮೆಹರುನ್ನಿಸಾಗೆ ಏನು ತಿಳಿಯಿತೋ, ಏನಿಲ್ಲವೋ, ಇಬ್ಬರ ನಡುವೆ ಬಂದು ನಿಂತಳು. ಡಾಕ್ಟರು ಅವಳನ್ನು ತಳ್ಳುವಷ್ಟು ಒರಟರಲ್ಲ. ಅವರ ಕಣ್ಣು ಮೇಜಿನ ಮೇಲಿನ ಪರದೆಗೆ ಹೋಯಿತು. ಆ ಹುಡುಗಿಯ ಗೆರೆಯ ಹಿಂದಿನ ಭಾಗ ಅಲ್ಲಿ ತೆರೆದೇ ಇತ್ತು, ಉದ್ದಕ್ಕೂ ಸಪಾಟಾದ ಹಸಿರು. ಅವರು ಅದನ್ನು ಹಿಂದೆಂದೂ ನೋಡಿರಲಿಲ್ಲ, ನೋಡಬೇಕೆಂದು ಅವರಿಗೆ ಅನಿಸಿಯೂ ಇರಲಿಲ್ಲ. ಚಾಚಿದ ಕೈಯನ್ನು ನಿಧಾನಕ್ಕೆ ಇಳಿಸಿದರು.

ಫೋನಿನಲ್ಲಿ ದಾನೇಶ್ವರಿ ಅವ್ವನನ್ನು ಬೈಯುತ್ತಲೇ ಇದ್ದಳು. ಪ್ರಣಮ್ಯಾ ಅಳುತ್ತ ಅಳುತ್ತ "ಬೈ, ಬೈ, ಎಲ್ಲ ಬೈ" ಎನ್ನುತ್ತಿದ್ದಳು. ಗಂಟೆ ಬಾರಿಸುತ್ತಲೇ ಇತ್ತು. ಮಹಾನಂದಾ ಜೀವಮಾನದಲ್ಲಿ ಮೊದಲ ಬಾರಿಗೆ ಕೆಂಪು ಗೆರೆಯೊಂದನ್ನು ನೋಡುತ್ತ, ನಿಲ್ಲಬೇಡ, ನಿಲ್ಲಬೇಡ ಎಂದು ಬೇಡಿಕೊಂಡಳು.

ಚಿಲಕ ಸರಿದ ಸದ್ದಾಯಿತು. ಈರಣ್ಣ ಫೋನು ಕೆಳಗೆ ಹಾಕಿದನೆಂದು ಕಾಣುತ್ತದೆ, ದಡ್ ಎಂದಿತು. ಅದರ ನಂತರ ಕೇಳಿದ್ದು ಅಪ್ಪ ಮಗಳು ಇಬ್ಬರ ಅಳು.

ಮಹಾನಂದಾ ಆಟೋ ಹಿಡಿದು ಮನೆ ಮುಟ್ಟಿದಾಗ ಈರಣ್ಣ ಮೈತುಂಬ ಹಿಟ್ಟು ಮೆತ್ತಿಕೊಂಡೇ ಮಗಳನ್ನು ಎದೆಗೊತ್ತಿ ಮೆಟ್ಟಿಲ ಮೇಲೆ ಕೂತಿದ್ದ. ಅದೇ ಆಟೋದಲ್ಲಿ ಮೂವರೂ ಆಸ್ಪತ್ರೆಗೆ ಹೋದರು. ಮಾನಸಿಕ ವೈದ್ಯೆ ವಯಸ್ಸಾದ ಹೆಂಗಸು. ಪಟ್ಟಿಯನ್ನು ಬಿಚ್ಚಿ ಪಕ್ಕಕ್ಕಿಟ್ಟು ದಾನೇಶ್ವರಿಯ ಜೊತೆ ಬಹಳ ಹೊತ್ತು ಮಾತಾಡಿದರು. ಅದೇ ಮಧ್ಯಾಹ್ನ ಬದುಕು ಮುಗಿಸಬೇಕೆಂದು ತಾನು ನಿರ್ಧರಿಸಿದ್ದೆ ಎಂದು ಅವರೆದುರು ಹುಡುಗಿ ಹೇಳಿದಳು. ಮಾತ್ರೆ ಬರೆದರು, ವಾರಕ್ಕೊಮ್ಮೆ ಬರಲು ಹೇಳಿದರು. ಒಬ್ಬಳನ್ನೇ ಬಿಡಬೇಡಿ ಎಂದರು. "ಆ ಗೆಳತೀನ ಉಳಿಸಿಕೊಳ್ರಿ. ಆದ್ರ ಎಲ್ಲಾ ಭಾರ ಆ ಕೂಸಿನ ಮ್ಯಾಲ ಹಾಕಬ್ಯಾಡ್ರಿ. ಅಕಿನೂ ಸಣ್ಣಾಕಿ," ಎಂದರು. ಪ್ರಣಮ್ಯಾಳ ಅಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿಸಿದ್ದೂ ಅವರೇ.

ಕೇಂದ್ರದವರು ಮಹಾನಂದಾಳನ್ನು ಕೆಲಸದಿಂದ ದೂರವಿಟ್ಟರು, ವಿಚಾರಣೆ ಆಗುವತನಕ. ಕತ್ತರಿಯನ್ನೂ ಸದ್ಯಕ್ಕೆ ನಿಲ್ಲಿಸಿದ್ದಾರೆಂದು ಮೆಹರುನ್ನಿಸಾ ತಿಳಿಸಿದಳು. ಗಲಗಲಿಯವರು ಹಸಿರು ಗೆರೆಗಳನ್ನೆಲ್ಲ ತರಿಸಿಕೊಂಡು ಒಂದೊಂದಾಗಿ ನೋಡುತ್ತ ಕೂತಿದ್ದಾರಂತೆ, ಊಟಕ್ಕೂ ಏಳುತ್ತಿಲ್ಲವಂತೆ.

ಇದಾವುದೂ ಮಹಾನಂದಾಳ ತಲೆಗೆ ಹೋಗಲಿಲ್ಲ. ಆಸ್ಪತ್ರೆಯಿಂದ ಬಂದ ಸಂಜೆ ಈರಣ್ಣ ಮಹಡಿಯ ಕದದ ಚಿಲಕವನ್ನು ಸ್ಕ್ರೂ ತೆಗೆದು ಬಿಚ್ಚಿದ. ದಾನೇಶ್ವರಿ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಆ ದಿನವೆಲ್ಲ ಅವ್ವನಿಗೆ ಒಂದು ಮಾತೂ ಆಡಿರಲಿಲ್ಲ. ಮಹಾನಂದಾ ಹೊಸ್ತಿಲ ಹೊರಗೇ ಕೂತಳು. ಒಳಗೆ ಹೋಗುವ ಧೈರ್ಯ ಬರಲಿಲ್ಲ, ಎದ್ದು ಹೋಗುವ ಧೈರ್ಯವಂತೂ ಇಲ್ಲವೇ ಇಲ್ಲ.

"ದಾನಿ," ಎಂದಳು ಕೊನೆಗೆ. "ಬೈಯೂದಿದ್ರ ಇನ್ನೂ ಬೈಯವಾ. ನಾ ಕೇಳ್ತೀನಿ."

ಮಗಳು ತಿರುಗಲಿಲ್ಲ. ಅತ್ತು ಕಟ್ಟಿದ ಗಂಟಲಲ್ಲಿ ಹೇಳಿದಳು.

"ಇವತ್ತ ಸಾಕಾಗೇತಿ. ನಾಳೆ ಬೈತೀನಿ."

ಮಹಾನಂದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹೂಂನವ್ವಾ," ಎಂದಳು. "ನಾಳೆ ಬೈ."